ಕೈ ಮರೆಯದ ಕೆಲಸ

ಗಡಿಯಾರ ಕೇಳಿದ್ದು ದುಡ್ಡಲ್ಲ. ದುಡ್ಡು ಕೇಳಿದ್ದರೆ ಯಜಮಾನ ಅವನನ್ನು ಕೊಲ್ಲುವ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಅವನು ಕೇಳಿದ್ದು ಮೂರು ಗಂಟೆಗಳನ್ನು.

"ನಂಗೆ ಬೇರೇನೂ ಬೇಡ ಭಾವ," ಎಂದಿದ್ದ, ವರ್ಕ್‌ಶಾಪಿನ ಮೇಲಿನ ಗಾಜಿನ ಕೋಣೆಯಲ್ಲಿ, ಕುರ್ಚಿಯ ತುದಿಗೆ ಕೂತು. "ಆ ಮೂರು ಗಂಟೆ ನಂದು ಅಂತ ಗೊತ್ತಾದ್ರೆ ಸಾಕು. ಮೊನ್ನೆ ಮಗಳು ಕೇಳಿದ್ಲು, ಮಾವ ಮಂಜಲ್ಲಿ ಕಾರು ಓಡಿಸ್ತಿದ್ದಾಗ ನೀನೇನಪ್ಪ ಮಾಡ್ತಿದ್ದೆ, ನಿದ್ದೆನಾ ಅಂತ. ನಾನು ಹೂಂ ಅಂದೆ. ಇಪ್ಪತ್ತೈದು ವರ್ಷದಿಂದ ಹೂಂ ಅಂತಾನೇ ಇದ್ದೀನಿ."

"ಬಾಯಿಬಿಟ್ರೆ ಏನಾಗುತ್ತೆ ಗೊತ್ತಾ?"

"ಗೊತ್ತು. ಇಬ್ಬರ ಗೆಲುವೂ ಹೋಗುತ್ತೆ. ಹೋಗ್ಲಿ ಬಿಡಿ. ಕಾಗದ ಬರೆದಿಟ್ಟಿದ್ದೀನಿ. ಆ ಗೆಲುವಿನ ಬೆಳ್ಳಿಹಬ್ಬದ ದಿನ ಊಟದ ಹೊತ್ತಿಗೆ ರೇಸಿನ ಸಂಘದ ಅಧ್ಯಕ್ಷರ ಕೈಗೆ ಕೊಡ್ತೀನಿ. ನಿಮಗೆ ಹೇಳದೆ ಕೊಡೋದು ಸರಿಯಲ್ಲ ಅಂತ ಬಂದೆ."

ಗಡಿಯಾರ ಎಂದೂ ಹಾಗೆಯೇ. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಕಾರನ್ನು ಹಂಚಿಕೊಂಡು ಓಡಿಸಿದ್ದರು. ಇವನು ಇಳಿದ ಸೀಟಿಗೆ ಅವನು, ಅವನು ಇಳಿದ ಸೀಟಿಗೆ ಇವನು. ಗಂಟೆಗಟ್ಟಲೆ ಸುತ್ತಿದರೂ ಅವನ ಒಂದು ಸುತ್ತಿಗೂ ಇನ್ನೊಂದಕ್ಕೂ ಕಣ್ಣು ಮಿಟುಕಿಸುವಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಟ್ರ್ಯಾಕಿನ ಪಕ್ಕದ ಮೋಟುಗೋಡೆಗೆ ಒರಗಿ ಆ ಸುತ್ತುಗಳನ್ನು ಸ್ಟಾಪ್‌ವಾಚಿನಲ್ಲಿ ಅಳೆಯುತ್ತಿದ್ದವಳು ಯಜಮಾನನ ತಂಗಿ. ಅಳೆದು ಅಳೆದು ಕೊನೆಗೆ ಅವನನ್ನೇ ಮದುವೆಯಾದಳು.

ಮೂರು ಗಂಟೆಗಳ ಕತೆ ಇಷ್ಟೇ. ಇಪ್ಪತ್ತನಾಲ್ಕು ಗಂಟೆಯ ಓಟ. ಒಂದು ದಿನ ಮಧ್ಯಾಹ್ನ ಶುರುವಾಗಿ ಮರುದಿನ ಬೆಳಗ್ಗೆಗೆ ಬರುವಾಗ ಟ್ರ್ಯಾಕನ್ನು ಮಂಜು ನುಂಗಿತ್ತು. ಎರಡು ಕಾರುಗಳು ಆಗಲೇ ಗೋಡೆಗೆ ಬಡಿದಿದ್ದವು. ಓಡಿಸುವ ಸರದಿ ಯಜಮಾನನದು. ಟೈರಿನ ಲಾರಿಯೊಳಗೆ ಕೂತವನಿಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯಲು ಆಗಲಿಲ್ಲ. ಕೈ ಅಷ್ಟು ನಡುಗುತ್ತಿತ್ತು. ಆಗಷ್ಟೇ ಮೂರು ಗಂಟೆ ಓಡಿಸಿ ಇಳಿದಿದ್ದ ಗಡಿಯಾರ ಅರ್ಧ ಬಾಟಲಿ ನೀರು ಕುಡಿದು, ಅವನ ಮಡಿಲಿನಿಂದ ಹೆಲ್ಮೆಟ್ಟು ತೆಗೆದು ತನ್ನ ತಲೆಗೆ ಹಾಕಿಕೊಂಡು ಹೋಗಿಬಿಟ್ಟ. ಒಬ್ಬನೇ ಸತತ ಆರು ಗಂಟೆ ಓಡಿಸಿದರೆ ತಂಡವನ್ನೇ ಓಟದಿಂದ ಕಿತ್ತುಹಾಕುವ ನಿಯಮವಿತ್ತು. ಆದರೆ ಹೆಲ್ಮೆಟ್ಟಿನೊಳಗೆ ಯಾರಿದ್ದಾರೆಂದು ಆ ಮಂಜಿನಲ್ಲಿ ನೋಡುವವರು ಯಾರು? ಓಟ ಮುಗಿದಾಗ ಹೆಲ್ಮೆಟ್ಟು ಲಾರಿಗೆ ವಾಪಸು ಬಂತು. ಅದನ್ನು ಹಾಕಿಕೊಂಡು ಹೊರಬಂದ ಯಜಮಾನ ಕಾರಿನ ಮೇಲೆ ಹತ್ತಿ ಕೈ ಎತ್ತಿದ. ಆ ಚಿತ್ರ ಗಾಜಿನ ಕೋಣೆಯ ಗೋಡೆಯಲ್ಲಿ ಈಗಲೂ ಇತ್ತು.

ಪತ್ರಿಕೆಗಳು ಅವನನ್ನು ಮಂಜಿನ ಹುಲಿ ಎಂದವು. ಆ ಹೆಸರಿನ ಮೇಲೆ ತಂಡ ಕಟ್ಟಿದ. ಹದಿನೇಳು ವರ್ಷದಿಂದ ಅದರ ಮಾಲೀಕ. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಆ ಹೆಸರೊಂದೇ. ಆ ಕತೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಮಂಜಿನಲ್ಲಿ ಮೂರನೆಯ ತಿರುವು ಹೇಗೆ ಕಾಣುತ್ತಿತ್ತು ಎಂಬುದು ಈಗ ಅವನಿಗೆ ನಿಜವಾಗಿಯೂ ನೆನಪಿತ್ತು.

"ಆಯ್ತಯ್ಯ," ಎಂದ ಯಜಮಾನ. "ಕಾಗದ ಕೊಡು. ನಾನು ಅಡ್ಡ ಬರಲ್ಲ. ಆದ್ರೆ ಅದಕ್ಕೂ ಮೊದ್ಲು ನಂದೊಂದು ಆಸೆ. ಆ ದಿನ ನಮ್ಮ ಹಳೇ ಕಾರು ಟ್ರ್ಯಾಕಿಗೆ ಇಳೀಬೇಕು. ಓಡಿಸೋನು ನೀನೇ."

ಗಡಿಯಾರನ ಕಣ್ಣು ತುಂಬಿ ಬಂತು. ಅದನ್ನು ನೋಡುತ್ತಲೇ ಯಜಮಾನ ಲೆಕ್ಕ ಹಾಕಿದ. ಇಪ್ಪತ್ತು ದಿನವಿದೆ. ಧಾರಾಳವಾಯಿತು.

ಅವಸರ ಮಾಡಿದವರೇ ಸಿಕ್ಕಿಬೀಳುವುದು. ಇಪ್ಪತ್ತನಾಲ್ಕು ಗಂಟೆಯ ಓಟ ಓಡಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ವಿಷ, ಗುಂಡು, ಬಾಡಿಗೆ ಜನ, ಎಲ್ಲ ಬೇರೆಯವರ ಕಸುಬು. ತನ್ನ ಕಸುಬಿನಲ್ಲೇ ಸಾವು ಬೇಕಾದಷ್ಟಿರುವಾಗ ಹೊರಗೆ ಹುಡುಕುವುದೇಕೆ?

ಅವನ ತಂಡದಲ್ಲಿ ಒಂದು ಕಟ್ಟುನಿಟ್ಟು ಇತ್ತು. ನಟ್ಟು ಬಿಗಿ ಮಾಡಿದವನು ಅಲ್ಲೇ, ಆಗಲೇ, ತನ್ನ ಬಣ್ಣದ ಪೆನ್ನಿನಿಂದ ನಟ್ಟಿನ ಮೇಲಿಂದ ಪಕ್ಕದ ಲೋಹದವರೆಗೆ ಒಂದು ನೇರ ಗೆರೆ ಎಳೆಯಬೇಕು. ನಟ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಗೆರೆಯೇ ಇಲ್ಲದ ನಟ್ಟೆಂದರೆ ಯಾರೂ ಬಿಗಿ ಮಾಡದ ನಟ್ಟು. ಮೇಸ್ತ್ರಿಯದು ಹಳದಿ, ಟೈರಿನವನದು ಕೆಂಪು, ವೈರಿಂಗಿನವನದು ಬಿಳಿ. ಯಾವ ಎಣ್ಣೆಗೂ ಬಿಸಿಗೂ ಜಗ್ಗದ ಬಣ್ಣ. ಅಳಿಸಲು ಬೇರೆಯದೇ ದ್ರಾವಣ ಬೇಕು. ಯಜಮಾನನ ಹಸಿರನ್ನು ಮಾತ್ರ ಮತ್ತೆ ಯಾರಿಗೂ ಕೊಟ್ಟಿರಲಿಲ್ಲ. ಮಾಲೀಕನಾದ ಮೇಲೂ ಆರು ವರ್ಷ ತಾನೇ ಕಾರಿನಡಿ ನುಗ್ಗುತ್ತಿದ್ದವನು, ಬೆನ್ನು ಕೈಕೊಟ್ಟ ಮೇಲೆ ಗಾಜಿನ ಕೋಣೆ ಸೇರಿದ್ದ. ಪೆನ್ನು ಅಂಗಿಯ ಜೇಬಿನಲ್ಲೇ ಉಳಿಯಿತು. ಅಭಿಮಾನಿಗಳ ಟೋಪಿಗೆ ಸಹಿ ಹಾಕಲು ಅದಕ್ಕಿಂತ ಒಳ್ಳೆಯದಿಲ್ಲ, ಎಷ್ಟು ಒಗೆದರೂ ಹೋಗುವುದಿಲ್ಲ.

ಈ ನಿಯಮ ತಂದವನು ಅವನೇ. ಓಟಕ್ಕಿಳಿದ ಐದನೆಯ ವರ್ಷ, ಮುಂದಿನ ಚಕ್ರಗಳಿಗೆ ಬ್ರೇಕಿನ ಎಣ್ಣೆ ಒಯ್ಯುವ ಪೈಪಿನ ನಟ್ಟನ್ನು ಯಾರೋ ಅರ್ಧ ಬಿಗಿ ಮಾಡಿ ಮರೆತಿದ್ದರು. ನಾಲ್ಕು ಸುತ್ತು ಏನೂ ಆಗಲಿಲ್ಲ. ಐದನೆಯದರಲ್ಲಿ, ಉದ್ದನೆಯ ನೇರ ದಾರಿಯ ತುದಿಯಲ್ಲಿ, ಪೆಡಲು ನೆಲಕ್ಕೆ ಕೂತಿತು. ಮರಳದಿಬ್ಬ ಅಡ್ಡ ಇದ್ದದ್ದಕ್ಕೆ ಬದುಕಿದ. ಅಂದಿನಿಂದ ಹೊಸಬರಿಗೆಲ್ಲ ಅವನದು ಒಂದೇ ಪಾಠ: ಬಿಗಿ, ಒರೆಸು, ಗೆರೆ. ತಲೆಯಿಂದ ಮಾಡಬೇಡಿ, ಕೈಯಿಂದ ಮಾಡಿ. ತಲೆ ಮರೆಯುತ್ತದೆ.

ಈಗ ಆ ಮರಳದಿಬ್ಬ ಇರಲಿಲ್ಲ. ಅದನ್ನು ತೆಗೆದು, ಅಲ್ಲಿ ಪ್ರೇಕ್ಷಕರಿಗೆ ಕಾಂಕ್ರೀಟ್ ಗ್ಯಾಲರಿ ಕಟ್ಟಿದ್ದರು.

ಯೋಜನೆಯ ಸೊಗಸು ಇದ್ದದ್ದು ಗೆರೆ ಇಲ್ಲದಿರುವುದರಲ್ಲಿ. ಹಳದಿ ಗೆರೆ ಅಳಿಸಿ ನಟ್ಟನ್ನು ಅರ್ಧಕ್ಕೆ ಬಿಟ್ಟರೆ, ಆಮೇಲೆ ಅದನ್ನು ಬಿಚ್ಚಿ ನೋಡಿದವರು ಓದುವುದು ಒಂದೇ ಮಾತು: ಮೇಸ್ತ್ರಿ ಮರೆತಿದ್ದಾನೆ. ಕೊಲೆಗಾರ ಬೇಡ, ಆಯುಧ ಬೇಡ. ಕಣ್ಣು ಮಂಜಾದ ಒಬ್ಬ ಮುದುಕ ಸಾಕು. ಕಾಗದ ತಂಗಿಯ ಮನೆಯಲ್ಲೆಲ್ಲೋ ಇರುತ್ತದೆ. ಸಾವಾದ ಮನೆಯ ಕಾಗದಪತ್ರ ನೋಡಿಕೊಳ್ಳಲು ಅಣ್ಣನಲ್ಲದೆ ಇನ್ನಾರು ಬರುತ್ತಾರೆ?

ಮುದುಕನನ್ನು ತಯಾರು ಮಾಡಲು ಎರಡು ವಾರ ತೆಗೆದುಕೊಂಡ. ಮೇಸ್ತ್ರಿ ಮೂವತ್ತು ವರ್ಷದಿಂದ ಜೊತೆಗಿದ್ದವನು. ಮಾತು ಕಡಿಮೆ, ಮುಂಗೋಪ ಜಾಸ್ತಿ. ಯಜಮಾನ ಅವನ ಮೇಲೆ ಒಂದು ದೂರನ್ನೂ ಹೇಳಲಿಲ್ಲ, ಬರೀ ಕನಿಕರಪಟ್ಟ. "ಪಾಪ, ಮೇಸ್ತ್ರಿಗೆ ಮೊದಲಿನ ಕಣ್ಣಿಲ್ಲ," ಎಂದು ಸಂಘದ ಕಾರ್ಯದರ್ಶಿಯ ಕಿವಿಗೆ ಹಾಕಿದ. ಅವನಿಗೆ ಕನ್ನಡಕ ಬದಲಾಯಿಸಲು ರಜೆ ಕೊಡುತ್ತೇನೆಂದು ಎಲ್ಲರ ಮುಂದೆ ಹೇಳಿದ. ಉಳಿದದ್ದನ್ನು ಟೈರಿನವನ ನಾಲಿಗೆ ನೋಡಿಕೊಂಡಿತು.

"ಮೇಸ್ತ್ರಿ, ಏನು ಹುಡುಕ್ತಿದ್ದೀರಿ ಡಬ್ಬೀಲಿ?"

"ಕನ್ನಡಕ ಕಣಯ್ಯಾ."

"ಹಣೆ ಮೇಲೆ ಕೂತು ಅದೂ ನಿಮ್ಜೊತೆ ಹುಡುಕ್ತಿದೆ ನೋಡಿ!"

ವರ್ಕ್‌ಶಾಪೆಲ್ಲ ನಕ್ಕಿತು. ಮೇಲೆ ಗಾಜಿನ ಹಿಂದೆ ಯಜಮಾನನೂ ನಕ್ಕ.

ಕಾರನ್ನು ಟ್ರ್ಯಾಕಿಗೆ ಸಾಗಿಸುವ ದಿನ ಮೇಸ್ತ್ರಿ ಬೆಳಗ್ಗೆಯಿಂದ ಪ್ರತಿ ನಟ್ಟನ್ನೂ ಮುಟ್ಟಿ ನೋಡಿ, ಹಳದಿ ಗೆರೆ ಎಳೆದು ಮುಗಿಸಿದ. ಮೂತಿಯ ಹೊದಿಕೆ ಕೂರಿಸುವುದೊಂದೇ ಬಾಕಿ. ಲಾರಿ ಎರಡಕ್ಕೆ ಬರಬೇಕಿತ್ತು. ಒಂದಕ್ಕೆ ಎಲ್ಲರೂ ಹಿಂಬದಿಯ ಕೋಣೆಗೆ ಊಟಕ್ಕೆ ಹೋದರು. ಯಜಮಾನ ಫೋನಿನಲ್ಲಿ ಒಬ್ಬ ವರದಿಗಾರನ ಜೊತೆ ಮಾತಾಡುತ್ತಾ ಕೂತದ್ದನ್ನು ಮೆಟ್ಟಿಲ ಕೆಳಗಿನಿಂದ ಎಲ್ಲರೂ ನೋಡಿದ್ದರು. ಮಾತು ಒಂದೂ ಹತ್ತಕ್ಕೆ ಮುಗಿಯಿತು. ಲಾರಿಯ ಸಾರಥಿಗೆ ಅವನು ಒಂದೂ ಮುಕ್ಕಾಲಕ್ಕೇ ಬಾ ಎಂದು ಹೇಳಿದ್ದ. ಊಟ ಅರ್ಧಕ್ಕೆ ಬಿಟ್ಟು ಬರುವವರು ಅವಸರದಲ್ಲಿರುತ್ತಾರೆ.

ತೆಳು ರಬ್ಬರಿನ ಕೈಗವಸು. ಮೇಸ್ತ್ರಿಯದೇ ಸ್ಪ್ಯಾನರು. ಬೆನ್ನು ನೋಯುತ್ತಿದ್ದರೂ ಮೊಣಕಾಲೂರಿದಾಗ ಅವನಿಗೊಂದು ಹಿತವೆನಿಸಿತು. ಹನ್ನೊಂದು ವರ್ಷದ ಮೇಲೆ ಲೋಹ, ಎಣ್ಣೆ, ಆ ವಾಸನೆ. ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಹಳದಿ ಗೆರೆಯನ್ನು ಚೂರೂ ಉಳಿಯದಂತೆ ಅಳಿಸಿದ. ನಟ್ಟನ್ನು ಪೂರಾ ಸಡಿಲಿಸಿ, ಮತ್ತೆ ಅರ್ಧದಷ್ಟು ಬಿಗಿದ. ಆ ಐದನೆಯ ವರ್ಷ ಇದ್ದಷ್ಟೇ. ಒಸರಿದ ಎಣ್ಣೆ ಒರೆಸಿದ. ಅಷ್ಟರಲ್ಲಿ ಹಿಂಬಾಗಿಲ ಕಡೆ ಏನೋ ಸದ್ದಾಯಿತು. ಕತ್ತು ತಿರುಗಿಸಿ ಉಸಿರು ಬಿಗಿಹಿಡಿದ. ತಗಡು. ಗಾಳಿಗೆ ಅಲುಗಿದ್ದು. ಆ ಒಂದೆರಡು ಕ್ಷಣ ಅವನ ಜೀವವೆಲ್ಲ ಬಾಗಿಲ ಬಳಿ ಇತ್ತು. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮುಗಿಸಿ, ಸ್ಪ್ಯಾನರನ್ನು ಎತ್ತಿ ಇದ್ದ ಜಾಗದಲ್ಲೇ ಇಟ್ಟವು. ಒಂದೂ ಇಪ್ಪತ್ತೈದಕ್ಕೆ ಅವನು ಮತ್ತೆ ಗಾಜಿನ ಹಿಂದೆ ಕೂತಿದ್ದ.

ಲಾರಿಯ ಹಾರ್ನು ಕೇಳಿದ್ದೇ ಎಲ್ಲರೂ ಬಾಯೊರೆಸಿಕೊಂಡು ಓಡಿಬಂದರು.

"ಮುಚ್ಚಿ ಮೇಸ್ತ್ರಿ, ಲಾರಿ ಬಂತು!" ಎಂದು ಮೇಲಿಂದಲೇ ಕೂಗಿದ.

ಮೇಸ್ತ್ರಿ ಮುಚ್ಚಲಿಲ್ಲ. ಟಾರ್ಚು ಹಿಡಿದು ಮೂತಿಯೊಳಗೆ ಬಗ್ಗಿದ. ಯಜಮಾನ ಕದಲಲಿಲ್ಲ. ಇದಕ್ಕೂ ಅವನು ತಯಾರಿದ್ದ. ಗೆರೆಯಿಲ್ಲದ ನಟ್ಟು ಕಣ್ಣಿಗೆ ಬಿದ್ದರೆ ಮುದುಕ ತನ್ನನ್ನೇ ಬೈದುಕೊಂಡು ಬಿಗಿ ಮಾಡುತ್ತಾನೆ, ಅಷ್ಟೇ; ಬೇರೆ ದಾರಿ ಹುಡುಕಿದರಾಯಿತು. ಮೇಸ್ತ್ರಿ ಬಗ್ಗಿದವನು ತುಂಬಾ ಹೊತ್ತು ಹಾಗೇ ಇದ್ದ. ಆಮೇಲೆ ನೆಟ್ಟಗಾಗಿ, ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸಿ, ಗಾಜಿನ ಕೋಣೆಯತ್ತ ಮುಖವೆತ್ತಿ, ಎಂದೂ ಇಲ್ಲದಂತೆ ಹಣೆಗೆ ಕೈ ಮುಟ್ಟಿಸಿದ. ನಂತರ ಹೊದಿಕೆ ಕೂರಿಸಿದ. ಸ್ಪ್ಯಾನರು ಮುಟ್ಟಲಿಲ್ಲ.

ಕಣ್ಣಿಲ್ಲದವನಿಗೆ ಟಾರ್ಚಿದ್ದರೇನು, ಎಂದುಕೊಂಡ ಯಜಮಾನ. ಎರಡು ವಾರ ಊರಿಗೆಲ್ಲ ಹೇಳಿದ ಸುಳ್ಳು ನಿಜವೇ ಆಗಿತ್ತು. ಹಣೆ ಮುಟ್ಟಿದ್ದಕ್ಕೆ ಹಳೆಯ ಕಾರು ಹೊರಡುವ ದುಃಖವೆಂದು ಅರ್ಥ ಮಾಡಿಕೊಂಡ. ಸಂಜೆ ಅಂಗಿ ಬಿಚ್ಚುವಾಗ ಜೇಬಿನ ಒಳಗೆ ಒಂದು ಹಸಿರು ಚುಕ್ಕೆ ಕಂಡಿತು. ಪೆನ್ನಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒತ್ತಿ ಕೂರಿಸಿದ.

ಬೆಳ್ಳಿಹಬ್ಬದ ದಿನ ಬಿಸಿಲಿತ್ತು. ಮಂಜಿನ ಹುಲಿಗೆ ಗ್ಯಾಲರಿಯಿಂದ ಚಪ್ಪಾಳೆ ಬಂತು. ಅವನು ಹನ್ನೆರಡೋ ಹದಿಮೂರೋ ಟೋಪಿಗಳಿಗೆ ಸಹಿ ಹಾಕಿದ. ಗಡಿಯಾರ ಹಳೆಯ ಓಟದ ಉಡುಪು ತೊಟ್ಟು ಬಂದ. ಹೊಟ್ಟೆಯ ಬಳಿ ಜಿಪ್ಪು ಬಿಗಿಯಾಗಿತ್ತು.

"ಭಾವ," ಎಂದು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಮೇಸ್ತ್ರಿ ಹೇಳ್ದ."

"ಏನಂತೆ?"

"ಇರ್ಲಿ ಬಿಡಿ. ನೀವು ಬಾಯಿಬಿಟ್ಟು ಹೇಳೋರಲ್ಲ, ನಾನು ಬಾಯಿಬಿಟ್ಟು ಕೇಳೋನಲ್ಲ." ಎದೆಯ ಜೇಬಿನಿಂದ ಲಕೋಟೆಯೊಂದನ್ನು ತೆಗೆದು, ನಿಧಾನವಾಗಿ ಎರಡಾಗಿ, ನಾಲ್ಕಾಗಿ ಹರಿದು ಯಜಮಾನನ ಅಂಗೈಗೆ ಹಾಕಿ ಮುಚ್ಚಿದ. "ನಂಗೆ ಅಷ್ಟೇ ಸಾಕು. ಮಗಳಿಗೆ ಹೂಂ ಅಂದದ್ದು ಹೂಂ ಆಗೇ ಇರ್ಲಿ. ಹೆಲ್ಮೆಟ್ಟು ಕೊಡಿ, ನಿಮ್ದೇ ಹಾಕ್ಕೋತೀನಿ. ರೂಢಿ ಇದೆಯಲ್ಲ." ನಕ್ಕ.

ಯಜಮಾನ ಕೊಟ್ಟ. ಕೊಡುವಾಗ ಕೈ ನಡುಗಲಿಲ್ಲ. ಅದು ಅವನಿಗೇ ಆಶ್ಚರ್ಯವಾಯಿತು.

ಎಂಜಿನ್ನು ಗುಡುಗಿತು. ಕಾರು ಹೊರಟಿತು.

ಮೋಟುಗೋಡೆಯ ಬಳಿ ತಂಗಿ ಹಳೆಯ ಸ್ಟಾಪ್‌ವಾಚು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಯಜಮಾನ. ಎದುರಿಗೆ ಮೈಕು, ಒತ್ತಿ ಮಾತಾಡಿದರೆ ಗಡಿಯಾರನ ಕಿವಿಗೆ ಕೇಳುತ್ತದೆ. ನಾಲ್ಕು ಸುತ್ತು ಸಮಯವಿತ್ತು. ಒಳಗೆ ಬಾ, ಎಂಬ ಎರಡು ಮಾತು.

ಮೊದಲ ಸುತ್ತು. ಇಂದು ಹರಿದವನು ನಾಳೆ ಮತ್ತೆ ಬರೆಯಲಾರನೇ?

ಎರಡನೆಯ ಸುತ್ತು. ಮೇಸ್ತ್ರಿ ಏನು ಹೇಳಿದ್ದಾನು? ಹಳೆಯ ನೆನಪು ಯಾವುದೋ ಇರಬೇಕು. ಮುದುಕರು.

ಮೂರನೆಯ ಸುತ್ತಿಗೆ ಅವನ ಬೆರಳು ಮೈಕಿನ ಗುಂಡಿಯ ಮೇಲೆ ಬಂತು. ಬಂದು ಅಲ್ಲೇ ಕೂತಿತು. ಒಳಗೆ ಕರೆದರೆ ಯಾಕೆ ಎಂದು ಕೇಳುತ್ತಾರೆ. ನಟ್ಟಿನ ವಿಷಯ ತನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ.

ನಾಲ್ಕನೆಯ ಸುತ್ತು ಮುಗಿದಾಗ ತಂಗಿ ಸ್ಟಾಪ್‌ವಾಚು ಅವನ ಕಡೆ ತಿರುಗಿಸಿದಳು.

"ನೋಡಣ್ಣ, ವಯಸ್ಸು ಅರವತ್ತಾದ್ರೂ ಒಂದು ಕೂದಲೆಳೆ ಆಚೀಚೆ ಇಲ್ಲ. ಆ ಮಂಜಿನ ಮೂರು ಗಂಟೆ ಇದ್ದ ಹಾಗೇ."

ಅವನು ಥಟ್ಟನೆ ತಿರುಗಿದ. ಅವಳ ಕಣ್ಣು ಟ್ರ್ಯಾಕಿನ ಮೇಲಿತ್ತು.

"ನಿಂಗೆ..."

"ಅಳೆದೋಳು ನಾನಲ್ವಾ," ಎಂದಳು. "ಸುತ್ತುಗಳ ಹೊತ್ತು ಬರೆದಿಟ್ಟ ಆ ಹಾಳೆ ಇಪ್ಪತ್ತೈದು ವರ್ಷದಿಂದ ಬೀರೂಲಿದೆ. ಒಂದು ದಿನಾನಾದ್ರೂ ತೆಗೆದು ಯಾರಿಗಾದ್ರೂ ತೋರಿಸಿದ್ದೀನಾ? ಇಬ್ಬರೂ ನನ್ನೋರೇ."

ಉದ್ದನೆಯ ನೇರ ದಾರಿಯಲ್ಲಿ ಎಂಜಿನ್ನಿನ ಸದ್ದು ಏರುತ್ತಾ ಹೋಯಿತು. ಇಳಿಯಬೇಕಾದಲ್ಲಿ ಇಳಿಯಲಿಲ್ಲ.

ಜನ ಓಡಿದರು. ತಂಗಿ ಓಡಲಿಲ್ಲ. ಅವಳ ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿಯ ಮೇಲೇ ಇತ್ತು. ಮುಳ್ಳು ತಿರುಗುತ್ತಲೇ ಇತ್ತು. ಆಮೇಲೆ ಯಾರೋ ಬಂದು ಅವಳ ಕೈಯಿಂದ ಅದನ್ನು ಬಿಡಿಸಿಕೊಳ್ಳಬೇಕಾಯಿತು.

ಹನ್ನೆರಡನೆಯ ದಿನ ತನಿಖೆಯ ಅಧಿಕಾರಿ ವರ್ಕ್‌ಶಾಪಿಗೆ ಬಂದಳು. ಸಣ್ಣ ದನಿಯ, ನಡುವಯಸ್ಸಿನ ಹೆಂಗಸು. ಗಾಜಿನ ಕೋಣೆಯಲ್ಲಿ ಮೇಸ್ತ್ರಿ ಬಾಗಿಲ ಪಕ್ಕ ನಿಂತಿದ್ದ. ಹನ್ನೆರಡು ದಿನದಲ್ಲಿ ಹನ್ನೆರಡು ವರ್ಷ ಸವೆದಿದ್ದ. ತಪ್ಪು ನಂದೇ, ಬರ್ಕೊಳ್ಳಿ, ಎಂದಷ್ಟೇ ಹೇಳಿ ಇಷ್ಟು ದಿನ ತುಟಿ ಹೊಲಿದುಕೊಂಡಿದ್ದ. ಕಿಟಕಿಯ ಬಳಿಯ ಕುರ್ಚಿಯಲ್ಲಿ ತಂಗಿ. ಯಾರನ್ನೂ ನೋಡುತ್ತಿರಲಿಲ್ಲ.

ಯಜಮಾನ ಮೇಸ್ತ್ರಿಯನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಡದವನ ಹಾಗೆ ಮಾತಾಡಿದ. "ಮೂವತ್ತು ವರ್ಷದ ಮನುಷ್ಯ ಮೇಡಂ. ವಯಸ್ಸಾಯ್ತು, ಕಣ್ಣು ಹೋಯ್ತು. ನಾನು ಮೊದಲೇ ರಜೆ ಕೊಡಬೇಕಿತ್ತು. ಬೇಕಿದ್ರೆ ಅದನ್ನ ನನ್ನ ತಪ್ಪು ಅಂತ ಬರೀರಿ."

"ನೀವು ಆ ಕಾರನ್ನ ಮುಟ್ಟಿದ್ದೀರಾ?"

"ಹನ್ನೊಂದು ವರ್ಷದಿಂದ ಯಾವ ಕಾರಿಗೂ ಸ್ಪ್ಯಾನರು ಹಚ್ಚಿಲ್ಲ. ಬೆನ್ನು ನೋಡಿ. ಬಗ್ಗೋಕೇ ಆಗಲ್ಲ."

ಅವಳು ಬರೆದುಕೊಂಡಳು. ಓದಿ ಹೇಳಿದಳು. ಒಂದಕ್ಷರ ಆಚೀಚೆ ಇರಲಿಲ್ಲ. ಸಹಿಗಾಗಿ ತನ್ನ ಪೆನ್ನು ಮುಂದೆ ಚಾಚಿದಳು, ಆದರೆ ಅವನ ಕೈ ಆಗಲೇ ಅಂಗಿಯ ಜೇಬಿಗೆ ಹೋಗಿತ್ತು. ಸಾವಿರಾರು ಟೋಪಿಗಳ ಮೇಲೆ ಹಾಕಿದ ಅದೇ ಸಹಿ, ಅದೇ ಬಾಲದ ಬಾಗು. ಮುಗಿಯಿತು. ಒಂದು ತಿಂಗಳಲ್ಲಿ ಮೊದಲ ಸಲ ಅವನ ಬೆನ್ನು ನೋಯುತ್ತಿರಲಿಲ್ಲ.

ಅವಳು ಆ ಸಹಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಚೀಲದಿಂದ ಮೊಹರು ಹಾಕಿದ ಗಾಜಿನಂಥ ಕವರೊಂದನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಒಳಗೆ ಬ್ರೇಕಿನ ಪೈಪಿನ ತುಂಡು, ಅದರ ನಟ್ಟು. "ಮೇಸ್ತ್ರಿ, ನಿಮ್ಮ ಗೆರೆ ಹಳದಿ ಅಂದ್ರಿ. ಇದು ಯಾರದ್ದು?" ಮುದುಕ ಕವರಿನತ್ತ ನೋಡಲೂ ಇಲ್ಲ. "ಅದನ್ನ ಹೇಳಬಾರದು ಅಂತಿದ್ದೆ ಮೇಡಂ, ಯಜಮಾನರ ಹೆಸರು ಯಾಕೆ ಎಳೀಬೇಕು ಅಂತ. ನಾವೆಲ್ಲ ಊಟಕ್ಕೆ ಹೋದಾಗ ಆ ನೋಯೋ ಬೆನ್ನಲ್ಲಿ ಬಗ್ಗಿ, ನನ್ನ ಗೆರೆ ಅಳಿಸಿ, ತಂಗಿ ಗಂಡ ಓಡಿಸೋ ಕಾರು ಅಂತ ತಾವೇ ಮತ್ತೆ ಬಿಗಿ ಮಾಡಿದ್ರು. ಅದನ್ನ ಕಂಡ ಮೇಲೆ ನಾ ಮುಟ್ಟೋದುಂಟಾ? ಗಡಿಯಾರದವರಿಗೂ ಹೇಳ್ದೆ, ಅತ್ತುಬಿಟ್ರು ಪಾಪ." ಕಿಟಕಿಯ ಬಳಿಯ ಕುರ್ಚಿ ಕಿರುಗುಟ್ಟಿತು, ತಂಗಿ ಮೊದಲ ಸಲ ತಲೆಯೆತ್ತಿ ಅಣ್ಣನನ್ನು ನೋಡುತ್ತಿದ್ದಳು. ಯಜಮಾನ ಕವರಿನತ್ತ ಬಗ್ಗಿದ. ಬೆನ್ನು ಸಲೀಸಾಗಿ ಬಗ್ಗಿತು. ಅರ್ಧ ನಟ್ಟಿನ ಮೇಲೆ, ಅರ್ಧ ಲೋಹದ ಮೇಲೆ, ಎರಡು ತುಂಡಾಗಿ ದೂರ ಸರಿದು, ಒಂದು ಗೆರೆ. ಯಾವ ಎಣ್ಣೆಗೂ ಅಳಿಯದ ಹಸಿರು. ಪಕ್ಕದಲ್ಲಿ ಅವನ ಸಹಿ ಇನ್ನೂ ಒಣಗುತ್ತಿತ್ತು.